ನೀವು ಕೇರಳದವರಾ ಅಂತ ಕೇಳಿದ್ದಕ್ಕೆ

ಅಪ್ಪ ತೀರಿಕೊಂಡ ಸುದ್ದಿ ಕೇಳಿ ನೀನು ಬರೆದದ್ದು ಓದಿದೆ. ಸಮಾಧಾನದ ಮಾತಿನ ಕೆಳಗೆ ಒಂದು ಪ್ರಶ್ನೆಯನ್ನೂ ಹಾಕಿದ್ದೀಯ. "ಕೊಡಗಿನವರು ಅಂತಿದ್ದೆ, ಫೋಟೋದಲ್ಲಿ ಚರ್ಚು, ಶಿಲುಬೆ ಇದೆ. ತೀರಿಹೋಗಿದ್ದು ಕಣ್ಣೂರಲ್ಲಿ ಅಂತೀಯ. ನಿಜ ಹೇಳು, ನೀವು ಮೂಲದಲ್ಲಿ ಕೇರಳದವರಾ?"

ನೀನು ಕೆಟ್ಟ ಮನಸ್ಸಿನಿಂದ ಕೇಳಿಲ್ಲ ಅಂತ ಗೊತ್ತು. ಹಾಸ್ಟೆಲ್‌ನಲ್ಲಿ ಕೇಳಿದ್ದಾರೆ, ಕೆಲಸದ ಜಾಗದಲ್ಲಿ ಕೇಳಿದ್ದಾರೆ, ಮದುವೆ ಮಾತುಕತೆಯಲ್ಲೂ ಕೇಳಿದ್ದಾರೆ. ಕೊಡಗು ಅಂದ ಕೂಡಲೇ ನಿಮಗೆಲ್ಲ ಕೊಡವ ಗಂಡಸರ ಉಡುಪು ಕುಪ್ಯಚೇಲೆ, ಸೊಂಟದ ಪೀಚೆಕತ್ತಿ, ಕೋವಿ, ಕಾಫಿ ತೋಟ ಕಣ್ಣಿಗೆ ಬರುತ್ತದೆ. ಅದೆಲ್ಲ ಇರುವುದೇ. ನಮ್ಮ ಅಕ್ಕಪಕ್ಕದ ಮನೆಯವರು ಕೊಡವರೇ. ಅವರ ಜೊತೆಗೆ ಅರೆಭಾಷೆ ಮಾತಾಡುವ ಗೌಡರಿದ್ದಾರೆ, ಯರವರಿದ್ದಾರೆ, ಕುರುಬರಿದ್ದಾರೆ, ಮಲಯಾಳ ಮಾತಾಡುವ ಮುಸ್ಲಿಮರಾದ ಮಾಪಿಳ್ಳೆಯವರಿದ್ದಾರೆ, ತುಳು ಮತ್ತು ತಮಿಳು ಮನೆಮಾತಿನವರಿದ್ದಾರೆ. ಕೊಂಕಣಿ ಮಾತಾಡುವ ಕ್ರೈಸ್ತರಾದ ನಾವೂ ಇದ್ದೇವೆ. ಇಷ್ಟು ದಿನ ಈ ಪ್ರಶ್ನೆಗೆ "ಇಲ್ಲಪ್ಪ, ಇಲ್ಲಿಯವರೇ" ಅಂತ ಹೇಳಿ ಸುಮ್ಮನಾಗುತ್ತಿದ್ದೆ. ಈ ಸಲ ಅಪ್ಪನ ವಿಷಯ ಬಂದಿದೆ, ಹಾಗಾಗಿ ಪೂರ್ತಿ ಹೇಳುತ್ತೇನೆ.

ವಿರಾಜಪೇಟೆ ಪಟ್ಟಣ ಕಟ್ಟಿದ್ದು ದೊಡ್ಡವೀರರಾಜೇಂದ್ರ, 1792ರಲ್ಲಿ. ಅಲ್ಲಿನ ಸಂತ ಅನ್ನಮ್ಮ ದೇವಾಲಯದ ಶುರುವೂ ಅದೇ ವರ್ಷ. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಿದ್ದ. ಅದರಲ್ಲಿ ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ರಾಜ ತನ್ನ ಹೊಸ ಪೇಟೆಯಲ್ಲಿ ನೆಲೆ ಕೊಟ್ಟ. ಇನ್ನೊಂದು ವಿಷಯ ನೋಡು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಕೇರಳ ಅನ್ನುವ ರಾಜ್ಯ ಹುಟ್ಟಿದ್ದೂ ಅದೇ ದಿನ. ಅಲ್ಲಿಯವರೆಗೆ ನಾವು ಬೇರೆಯೇ ಒಂದು ಪುಟ್ಟ ರಾಜ್ಯ, ಆಚೆ ಕಡೆ ಮದ್ರಾಸಿಗೆ ಸೇರಿದ ಮಲಬಾರು. ನಮ್ಮ ಅಪ್ಪ ಹುಟ್ಟಿದ್ದು ಅದಕ್ಕೂ ಮುಂಚೆ. ಅವರು ಹುಟ್ಟಿದಾಗ ಇಲ್ಲಿ ಕರ್ನಾಟಕವೂ ಇರಲಿಲ್ಲ, ಅಲ್ಲಿ ಕೇರಳವೂ ಇರಲಿಲ್ಲ. ಹಾಗಿರುವಾಗ ಅವರನ್ನು ಯಾವ ಕಡೆಯಿಂದ ಬಂದವರು ಅನ್ನಬೇಕು, ನೀನೇ ಹೇಳು.

ಅಪ್ಪ ಕಾಫಿ ತೋಟದಲ್ಲಿ ರೈಟರ್ ಆಗಿದ್ದರು. ಬೆಳಗ್ಗೆ ಆಳುಗಳ ಹಾಜರಿ ಹಾಕುವುದು, ಯಾರಿಗೆ ತೋಟದ ಯಾವ ಭಾಗದಲ್ಲಿ ಕೆಲಸ ಅಂತ ಹೇಳುವುದು, ಹಣ್ಣು ಕೊಯ್ಯುವ ಕಾಲದಲ್ಲಿ ಸಂಜೆ ತೂಕ ಬರೆದುಕೊಳ್ಳುವುದು, ವಾರಕ್ಕೊಮ್ಮೆ ಬಟವಾಡೆ. ಊರೆಲ್ಲ ಅವರನ್ನು ರೈಟ್ರು ಅಂತಲೇ ಕರೆಯುತ್ತಿತ್ತು. ನಿವೃತ್ತಿಯಾದ ಮೇಲೂ ಹಾಗೇ. ಅಮ್ಮ ಕೂಡ ಬೇರೆಯವರ ಮುಂದೆ "ನಮ್ಮ ರೈಟ್ರು" ಅನ್ನುತ್ತಿದ್ದರು.

ಮನೆಯಲ್ಲಿ ಅವರು ಹೇಗಿದ್ದರು ಅಂತ ಹೇಳದೆ ಮುಂದೆ ಹೋದರೆ ನನಗೇ ಸಮಾಧಾನ ಇರಲ್ಲ. ಮಳೆಗಾಲದಲ್ಲಿ ನಮ್ಮ ಯೂನಿಫಾರ್ಮ್ ಒಣಗುತ್ತಿರಲಿಲ್ಲ. ಒಂದು ವಾರ ಬಿಸಿಲು ಕಾಣದ ದಿನಗಳವು. ಅಪ್ಪ ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಬಟ್ಟೆ ಹರವಿ, ಬೆಳಗ್ಗೆ ನಾವು ಏಳುವ ಮುಂಚೆ ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ತೇವ ಹೋಗುವವರೆಗೆ ತಿಕ್ಕುತ್ತಿದ್ದರು. ಹೊಗೆಯ ವಾಸನೆ ಇರುತ್ತಿತ್ತು, ಒದ್ದೆ ಇರುತ್ತಿರಲಿಲ್ಲ. ಮೂರು ಮಕ್ಕಳ ಬಟ್ಟೆ, ಶಾಲೆ ಮುಗಿಯುವವರೆಗೆ. ಅಮ್ಮನಿಗೆ ಬೆನ್ನುನೋವು ಜಾಸ್ತಿಯಾದ ಮೇಲೆ ನೀರು ಸೇದುವುದು, ಸೌದೆ ಒಡೆಯುವುದು ಎಲ್ಲ ಅವರದೇ. ಭಾನುವಾರ ಪೂಜೆ ಮುಗಿಸಿ ಬರುವಾಗ ಹಂದಿ ಮಾಂಸ ತರುತ್ತಿದ್ದರು. ಅಮ್ಮ ಕೊಂಕಣಿ ಮಸಾಲೆ ಅರೆದು ಹುಳಿಗೆ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಹಾಕುತ್ತಿದ್ದರು. ಮಂಗಳೂರಿನ ನಮ್ಮ ಸಂಬಂಧಿಕರು ಅದನ್ನು ತಿಂದು "ಇದು ನಮ್ಮ ರುಚಿ ಅಲ್ಲ" ಅಂದರೆ ಅಪ್ಪನಿಗೆ ಸಿಟ್ಟು ಬರುತ್ತಿತ್ತು. "ಇದು ಕೊಡಗಿನ ರುಚಿ, ನಮ್ಮ ಮನೆಯ ರುಚಿ" ಅನ್ನುತ್ತಿದ್ದರು. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿಯ ತೆನೆ ಹಬ್ಬ. ಕೊಡವರ ಸುಗ್ಗಿ ಹಬ್ಬ ಪುತ್ತರಿಗೆ ಪಕ್ಕದ ಮನೆಯವರು ಕದಿರು ತೆಗೆಯುವಾಗ ಅಪ್ಪ ಅಂಗಳದಲ್ಲಿ ನಿಂತು ಅವರ ಜೊತೆ "ಪೊಲಿ ಪೊಲಿ ದೇವಾ" ಅಂತ ಕೂಗುತ್ತಿದ್ದರು. ಹೊಸ ಅಕ್ಕಿಯನ್ನು ವರ್ಷಕ್ಕೆ ಎರಡು ಸಲ ಉಣ್ಣುವ ಭಾಗ್ಯ ಎಷ್ಟು ಜನಕ್ಕೆ ಇದೆ ಅಂತ ನಮ್ಮನ್ನು ಕೇಳುತ್ತಿದ್ದರು.

ಈಗ ಚರ್ಚಿನ ವಿಷಯ. ನಮ್ಮ ಊರಿನ ಚರ್ಚು ಸಣ್ಣದು. ಅಪ್ಪ ಚಿಕ್ಕವರಿದ್ದಾಗ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ಫಾದರ್‌ಗೆ ಪೂಜೆಯಲ್ಲಿ ನೆರವಾಗುವ ಪೀಠದ ಹುಡುಗನಾಗಿ ಉತ್ತರಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದರಂತೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿದ ಮೇಲೆ ಪೂಜೆ ಕನ್ನಡಕ್ಕೆ ಬಂತು. ಆಮೇಲೆ ಪೂಜೆಯಲ್ಲಿ ಬೈಬಲ್ ವಾಚನ ಓದುವುದು, ಪಾಲನಾ ಸಮಿತಿಯಲ್ಲಿ ಕೂರುವುದು, ಹಬ್ಬಕ್ಕೆ ಚಪ್ಪರ ಹಾಕಿಸುವುದು, ಬಡವರ ಮನೆಗೆ ಅಕ್ಕಿ ಮುಟ್ಟಿಸುವುದು. ಇವನ್ನೆಲ್ಲ ಎಲ್ಲ ಊರಿನಲ್ಲೂ ಯಾರಾದರೊಬ್ಬರು ಮಾಡುತ್ತಾರೆ.

ಅಪ್ಪ ತಾವಾಗಿ ತಲೆಯ ಮೇಲೆ ಹಾಕಿಕೊಂಡ ಕೆಲಸ ಬೇರೆಯದು. ಗಡಿಯ ಆಚೆ ತೀರಿಕೊಂಡವರನ್ನು ಮನೆಗೆ ತರುವುದು, ಮಣ್ಣು ಮಾಡಿಸುವುದು, ಆಮೇಲೆ ಅವರ ಕಾಗದಪತ್ರ ಸರಿಮಾಡಿಸುವುದು.

ಇದು ನಿನಗೆ ವಿಚಿತ್ರ ಅನ್ನಿಸಬಹುದು. ನಮ್ಮ ಜಿಲ್ಲೆಗೆ ರೈಲು ಇಲ್ಲ. ಮಡಿಕೇರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಶುರುವಾಗಿದ್ದು 2016ರಲ್ಲಿ. ಅದಕ್ಕೂ ಮುಂಚೆ ದೊಡ್ಡ ಕಾಯಿಲೆ ಅಂದರೆ ಮೈಸೂರು, ಮಂಗಳೂರು, ಇಲ್ಲವೇ ಕಣ್ಣೂರು. ವಿರಾಜಪೇಟೆ ಕಡೆಯವರಿಗೆ ಹತ್ತಿರ ಆಗುವುದು ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಕಣ್ಣೂರು. ಕ್ಯಾನ್ಸರ್ ಅಂದರೆ ತಲಶ್ಶೇರಿ. ಕುಟ್ಟದ ಕಡೆಯವರು ತೋಲ್ಪೆಟ್ಟಿ ದಾಟಿ ಮಾನಂದವಾಡಿಗೆ ಹೋಗುತ್ತಾರೆ. ಕರಿಕೆಯವರು ಪಾಣತ್ತೂರು ದಾರಿ ಹಿಡಿಯುತ್ತಾರೆ. ಹೊಟ್ಟೆನೋವು ಬಂದವನಿಗೆ ರಾಜ್ಯ ಯಾವುದು ಅಂತ ನೋಡುವ ವ್ಯವಧಾನ ಇರುತ್ತದಾ? ಹೋದವರಲ್ಲಿ ಹೆಚ್ಚಿನವರು ಹುಷಾರಾಗಿ ಬರುತ್ತಾರೆ. ಕೆಲವರು ಬರುವುದಿಲ್ಲ. ಆಗ ಅಪ್ಪನಿಗೆ ಫೋನು.

ಅವರ ಬಳಿ ಒಂದು ಪುಸ್ತಕ ಇತ್ತು. ತೋಟದ ಆಳುಗಳ ಹಾಜರಿ ಹಾಕುವ ಹಳೆ ಚೆಕ್‌ರೋಲ್ ಪುಸ್ತಕ, ಉದ್ದುದ್ದ ಹಾಳೆ, ನೀಲಿ ಗೆರೆಯ ಕಾಲಂ. ಆಳಿನ ಹೆಸರು ಬರೆಯುವ ಜಾಗದಲ್ಲಿ ತೀರಿಕೊಂಡವರ ಹೆಸರು, ಆಧಾರ್‌ನಲ್ಲಿ ಇರುವ ಹಾಗೇ. ಪಕ್ಕದಲ್ಲಿ ಮನೆ, ತೋಟದ ಆಳುಗಳ ಸಾಲು ಮನೆ ಅಂದರೆ ಲೈನ್ ಮನೆಯಾದರೆ ತೋಟದ ಹೆಸರು. ಆಮೇಲೆ ಆಸ್ಪತ್ರೆ, ತಾರೀಕು, ಗಾಡಿ ಓಡಿಸಿದವರು, ಮರಣ ನೋಂದಣಿ ಆಯಿತೋ ಇಲ್ಲವೋ, ಪೌತಿ ಖಾತೆ, ಅಂದರೆ ಸತ್ತವರ ಜಾಗ ವಾರಸುದಾರರ ಹೆಸರಿಗೆ ಬರುವುದು, ಆಯಿತೋ ಇಲ್ಲವೋ. ಎಲ್ಲ ಮುಗಿದ ಮೇಲೆ ಕೆಂಪು ಶಾಯಿಯಲ್ಲಿ ಆ ಸಾಲಿನ ಮೇಲೆ ಸ್ಕೇಲ್ ಇಟ್ಟು ಒಂದು ಗೀಟು. ಮೊದಲ ಪುಟಗಳಲ್ಲಿ ನಮ್ಮ ಚರ್ಚಿನವರು ಮಾತ್ರ. ಆಮೇಲಾಮೇಲೆ ಎಲ್ಲರೂ. ಲೈನ್ ಮನೆಯ ತಮಿಳರು, ಯರವರು, ಪೇಟೆಯ ಮಾಪಿಳ್ಳೆಯವರು, ಕೊಡವರು. ಅವರು ಯಾವ ದೇವರಿಗೆ ಕೈ ಮುಗಿಯುತ್ತಿದ್ದರು ಅಂತ ಬರೆಯುವ ಕಾಲಂ ಅದರಲ್ಲಿ ಇಲ್ಲ.

ಘಾಟಿಯಲ್ಲಿ ರಾತ್ರಿ ಆನೆ ನಿಂತಿದ್ದರೆ ಅದು ಹೋಗುವವರೆಗೆ ಲೈಟ್ ಆರಿಸಿ ಕಾಯಬೇಕು. ಹಿಂದೆ ಪೆಟ್ಟಿಗೆ, ಮುಂದೆ ಆನೆ, ನಡುವೆ ಅಳುತ್ತಿರುವ ಮನೆಯವರು. 2018ರ ಮಳೆಗಾಲದಲ್ಲಿ ಗುಡ್ಡ ಜರಿದಾಗ ಈ ರಸ್ತೆಯೂ ಹಲವು ಕಡೆ ಕುಸಿಯಿತು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಮಾಕುಟ್ಟದ ದಾರಿಗೆ ಮಣ್ಣು ಸುರಿದು ಮುಚ್ಚಿದರು. ಕಾಯಿಲೆ ಹರಡಬಾರದು ಅನ್ನುವುದು ಸರಿ. ಆದರೆ ನಮ್ಮ ಆಸ್ಪತ್ರೆ ಆ ಮಣ್ಣಿನ ಗುಡ್ಡೆಯ ಆಚೆ ಇತ್ತು. ಇದೇ ದಾರಿಯಲ್ಲಿ ಗಡಿಯ ಹೊಳೆಗೆ ಕಟ್ಟಿದ ಕೂಟುಪುಳದ ಹೊಸ ಸೇತುವೆಯನ್ನೇ ನೋಡು. ಈ ದಡದ ಜಾಗ ಯಾರದು ಅನ್ನುವ ತಕರಾರಿನಲ್ಲಿ ಕೆಲಸ ವರ್ಷಗಟ್ಟಲೆ ನಿಂತು, 2022ರಲ್ಲಿ ತೆರೆಯಿತು. ಅಲ್ಲಿಯವರೆಗೆ ಎಲ್ಲರೂ ಬ್ರಿಟಿಷರ ಕಾಲದ ಕಿರಿದಾದ ಸೇತುವೆಯಲ್ಲೇ ಓಡಾಡಿದ್ದು.

ಮಣ್ಣು ಮಾಡುವುದೂ ಇಲ್ಲಿ ಸುಲಭ ಅಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಗುಂಡಿ ತೋಡಿ ನೋಡಿದವರಿಗೇ ಗೊತ್ತು. ಮೂರಡಿ ಇಳಿಯುವಷ್ಟರಲ್ಲಿ ಪಕ್ಕದ ಮಣ್ಣಿನಿಂದ ಒರತೆ ಒಸರುತ್ತದೆ. ಅಪ್ಪ ಮೊದಲು ನಾಲ್ಕು ಬಿದಿರು ನೆಟ್ಟು ಟಾರ್ಪಾಲ್ ಕಟ್ಟಿಸುತ್ತಿದ್ದರು. ಸುತ್ತ ಒಂದು ಚರಂಡಿ ಹೊಡೆಸಿ ಮೇಲಿನ ನೀರು ಕೆಳಕ್ಕೆ ಹೋಗುವ ಹಾಗೆ ಮಾಡುತ್ತಿದ್ದರು. ಆಮೇಲೆ ಗುಂಡಿ. ತಳದಲ್ಲಿ ಸಿಲ್ವರ್ ಓಕಿನ ತುಂಡುಗಳನ್ನು ಅಡ್ಡಡ್ಡ ಇಡಿಸುತ್ತಿದ್ದರು, ಪೆಟ್ಟಿಗೆ ನೀರಿನಲ್ಲಿ ಕೂರಬಾರದು ಅಂತ. ಚರ್ಚಿನಲ್ಲಿ ಪೂಜೆ ಮುಗಿದು ಪೆಟ್ಟಿಗೆ ಬರುವವರೆಗೂ ಬಕೆಟ್ ಕೈಯಿಂದ ಕೈಗೆ ಹೋಗುತ್ತಲೇ ಇರಬೇಕು. ಅಪ್ಪ ಗುಂಡಿಯೊಳಗೆ ನಿಂತಿರುತ್ತಿದ್ದರು. ಗಂಟೆ ಹೊಡೆದ ಕೂಡಲೇ ಮೇಲೆ ಬಂದು, ಕಾಲಿನ ಕೆಸರು ತೊಳೆದು, ಅಂಗಿ ಬದಲಿಸಿ, ಎಲ್ಲರ ಜೊತೆ ಜಪಕ್ಕೆ ನಿಲ್ಲುತ್ತಿದ್ದರು. ಸತ್ತವರ ಮನೆಯವರು ಗುಂಡಿಯಲ್ಲಿ ನೀರು ನೋಡಬಾರದು ಅನ್ನುವುದು ಅವರ ಹಟ.

ಇಷ್ಟೆಲ್ಲ ಆದ ಮೇಲೆ ಶುರುವಾಗುತ್ತದೆ ಕಾಗದದ ಕಾಟ. ನಮಗೆಲ್ಲ ಜೀವ ತಿನ್ನುವ ಕಾಟ ಇದೇ.

ಕಾನೂನು ಹೀಗಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನಡೆದ ಜಾಗದಲ್ಲೇ ನೋಂದಣಿ ಆಗಬೇಕು, 21 ದಿನದೊಳಗೆ. ಕಣ್ಣೂರಿನಲ್ಲಿ ತೀರಿಕೊಂಡರೆ ಅಲ್ಲಿಯ ಸ್ಥಳೀಯ ಸಂಸ್ಥೆಯಲ್ಲಿ. ಆಸ್ಪತ್ರೆಯವರು ವಿವರ ಕಳಿಸುತ್ತಾರೆ. ಪತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಹಿಡಿದುಕೊಂಡು ಇಲ್ಲಿಯ ನಾಡಕಚೇರಿಗೆ ಹೋಗಬೇಕು. ವಂಶವೃಕ್ಷ ಮಾಡಿಸಬೇಕು, ಪಹಣಿ ಹೆಂಡತಿ ಮಕ್ಕಳ ಹೆಸರಿಗೆ ಆಗಬೇಕಾದರೆ ಪೌತಿ ಖಾತೆಗೆ ಅರ್ಜಿ ಹಾಕಬೇಕು. ಅಲ್ಲಿ ಕೂತವರು ಪತ್ರದ ಹೆಸರನ್ನೂ ಪಹಣಿಯ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸುತ್ತಾರೆ. ಆ ಕಡೆ ಮನೆಹೆಸರು ಸೇರಿಸಿ ಬರೆಯುವ ಅಭ್ಯಾಸ. ಈ ಕಡೆ ಅಪ್ಪನ ಹೆಸರಿನ ಮೊದಲಕ್ಷರ. ಲೈನ್ ಮನೆಯವರಿಗೆ ಬಾಗಿಲ ನಂಬರೇ ಇರುವುದಿಲ್ಲ. ಒಂದಕ್ಕೊಂದು ತಾಳೆ ಆಗದಿದ್ದರೆ ಫೈಲು ವಾಪಸ್. ಜಮ್ಮಾ, ಅಂದರೆ ರಾಜರ ಕಾಲದಿಂದ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದವರ ಗೋಳು ಇನ್ನೂ ದೊಡ್ಡದು. ಅವರ ಪಹಣಿಯಲ್ಲಿ ಮುತ್ತಜ್ಜನ ಕಾಲದ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಇರುತ್ತದೆ. ಅದು ಬೇರೆಯೇ ಪುರಾಣ, ಅದನ್ನು ಇಲ್ಲಿ ಬಿಚ್ಚಲ್ಲ.

2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಇಡೀ ದೇಶದ ಜನನ ಮರಣದ ಮಾಹಿತಿ ಒಂದೇ ಕಡೆ ಸೇರುತ್ತದೆ ಅಂದರು. ಅಪ್ಪ ಪೇಪರಿನ ಆ ಸುದ್ದಿ ಕತ್ತರಿಸಿ ಪುಸ್ತಕದಲ್ಲಿ ಅಂಟಿಸಿದ್ದರು. ಅಷ್ಟು ಖುಷಿಪಟ್ಟಿದ್ದರು. ಆದರೂ ನಮ್ಮ ಕಡೆ ಈಗಲೂ ಜೆರಾಕ್ಸ್ ಕಟ್ಟು ಹಿಡಿದು ಘಾಟಿ ಇಳಿದು ಹತ್ತುವುದು ತಪ್ಪಿಲ್ಲ.

ಹಾಗಾಗಿ ಅಪ್ಪ ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದರು: "ಅಳೋದು ಮನೆಗೆ ಬಂದ ಮೇಲೆ ಅಳಿ. ಮೊದಲು ಅಲ್ಲಿ ಹೆಸರು, ವಿಳಾಸ ಸರಿ ಬರೆಸಿ." ಕೇಳುವುದಕ್ಕೆ ಕಠಿಣ ಅನ್ನಿಸುತ್ತದೆ. ಆದರೆ ಹಾಗೆ ಬರೆಸದೆ ಬಂದ ಒಬ್ಬ ಹೆಂಗಸು ವಿಧವಾ ವೇತನಕ್ಕೆ ಎಷ್ಟು ಕಾಲ ಅಲೆದರು ಅಂತ ಅವರು ಕಣ್ಣಾರೆ ನೋಡಿದ್ದರು. ಗಂಡ ಸತ್ತಿದ್ದಾನೆ ಅಂತ ಊರಿಗೆಲ್ಲ ಗೊತ್ತು, ಗುಂಡಿಗೆ ಮಣ್ಣು ಹಾಕಿದವರು ಇದ್ದಾರೆ. ಕಾಗದ ಮಾತ್ರ ಒಪ್ಪುತ್ತಿಲ್ಲ. ಅಪ್ಪ ಆ ಹೆಂಗಸಿನ ಜೊತೆ ಕಚೇರಿಯ ಬೆಂಚಿನಲ್ಲಿ ಕೂತು, ಟೀ ಕುಡಿಸಿ, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಕೊನೆಗೂ ಆ ಸಾಲಿಗೆ ಕೆಂಪು ಗೀಟು ಎಳೆದರು. ಆ ದಿನ ಮನೆಗೆ ಬಂದವರು ರಾತ್ರಿಯ ಜಪಸರವನ್ನು ಎಂದಿಗಿಂತ ಗಟ್ಟಿಯಾಗಿ ಹೇಳಿಸಿದ್ದು ನನಗೆ ನೆನಪಿದೆ.

ಈಗ ಅಪ್ಪನ ವಿಷಯಕ್ಕೇ ಬರುತ್ತೇನೆ. ಎದೆನೋವು ಬಂದಿದ್ದು ರಾತ್ರಿ. ಕಣ್ಣೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ನರ್ಸುಗಳು ಎಷ್ಟು ಚೆನ್ನಾಗಿ ನೋಡಿಕೊಂಡರು ಅಂದರೆ, ಅಮ್ಮ ಈಗಲೂ ಅವರಿಗಾಗಿ ಪ್ರಾರ್ಥನೆ ಮಾಡುತ್ತಾರೆ. ಎರಡು ದಿನ ಇದ್ದರು, ಉಳಿಯಲಿಲ್ಲ. ಅಣ್ಣ ಅಪ್ಪ ಹೇಳಿಕೊಟ್ಟ ಹಾಗೇ ಆಧಾರ್ ತೋರಿಸಿ, ಹೆಸರು ವಿಳಾಸ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟ. ವಾಪಸ್ ಬರುವಾಗ ಅಪ್ಪನ ಪುಸ್ತಕದಲ್ಲಿ ಎಷ್ಟೋ ಸಾಲಿನಲ್ಲಿ ಹೆಸರು ಇರುವ ಡ್ರೈವರೇ ಗಾಡಿ ಓಡಿಸಿದ್ದು. ಅವರು ದುಡ್ಡು ಮುಟ್ಟಲಿಲ್ಲ. ಪಕ್ಕದ ಮನೆಯವರು ನಾವು ಬರುವಷ್ಟರಲ್ಲಿ ಬಿದಿರು ಕಡಿದು, ಟಾರ್ಪಾಲ್ ಕಟ್ಟಿ, ಚರಂಡಿ ಹೊಡೆದಿದ್ದರು. ಹೇಗೆ ಮಾಡಬೇಕು ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಮರಣ ಪತ್ರ ಬಂತು. ಹೆಸರು ಸರಿ ಇದೆ, ತಾರೀಕು ಸರಿ ಇದೆ. ವಿಳಾಸದಲ್ಲಿ ಊರು ಬರೆದು, ಜಿಲ್ಲೆ ಅನ್ನುವ ಕಡೆ ಕಣ್ಣೂರು ಅಂತ ಹಾಕಿದ್ದಾರೆ, ರಾಜ್ಯ ಕೇರಳ. ಯಾರೋ ಕಂಪ್ಯೂಟರಿನಲ್ಲಿ ಅಲ್ಲಿಯ ಜಿಲ್ಲೆಯನ್ನೇ ಒತ್ತಿದ್ದಾರೆ, ಅಷ್ಟೆ. ಇಲ್ಲಿ ಕಚೇರಿಯಲ್ಲಿ ಕಾಗದ ನೋಡಿದವರು ತಲೆ ಎತ್ತಿ ನನ್ನನ್ನು ಕೇಳಿದ್ದು ಏನು ಗೊತ್ತಾ? "ಇವರು ಕೇರಳದವರಲ್ವಾ?" ಅಂತ. ನಿನ್ನ ಮೆಸೇಜ್ ಬಂದಿದ್ದೂ ಅದೇ ವಾರ. ಹಾಗಾಗಿಯೇ ನಿನಗೆ ಉತ್ತರ ಬರೆಯುವುದು ತಡವಾಯಿತು. ಸಿಟ್ಟಿನಲ್ಲಿ ಬರೆಯುವುದು ಬೇಡ ಅನ್ನಿಸಿತು.

ಪತ್ರ ತಿದ್ದುವುದಕ್ಕೆ ದಾರಿ ಇದೆ. ಅದೇ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ನೋಂದಣಿ ಅಧಿಕಾರಿ ತಪ್ಪನ್ನು ತಿದ್ದಬಹುದು. ಅಲ್ಲಿಯವರು ಮರ್ಯಾದೆಯಿಂದಲೇ ಮಾತಾಡಿದರು. "ಅವರು ನಿಮ್ಮ ಊರಿನವರು ಅಂತ ನಿಮ್ಮ ಸರಕಾರದಿಂದ ವಾಸ ದೃಢೀಕರಣ ತನ್ನಿ, ತಿದ್ದಿಕೊಡುತ್ತೇವೆ" ಅಂದರು. ಇಲ್ಲಿ ಬಂದು ಕೇಳಿದರೆ, ವಾಸ ದೃಢೀಕರಣ ಬದುಕಿರುವವರು ಸ್ವತಃ ಅರ್ಜಿ ಹಾಕಿದರೆ ಮಾತ್ರ ಅನ್ನುತ್ತಾರೆ. ಹಾಗಾದರೆ ಪೌತಿ ಖಾತೆ ಮಾಡಿಕೊಡಿ ಅಂದರೆ, ಮೊದಲು ಮರಣ ಪತ್ರ ತಿದ್ದಿಸಿ ತನ್ನಿ ಅನ್ನುತ್ತಾರೆ. ಊರಿನ ಜನಕ್ಕೆಲ್ಲ ಈ ಗಂಟು ಬಿಡಿಸಿಕೊಟ್ಟವರ ಕಾಗದವೇ ಈಗ ಗಂಟು ಬಿದ್ದು ಕೂತಿದೆ.

ನಾನು ಚರ್ಚಿಗೆ ಹೋಗಿ ಫಾದರ್ ಹತ್ತಿರ ಕೇಳಿದೆ. ನಮ್ಮಲ್ಲಿ ಜ್ಞಾನಸ್ನಾನದ ರಿಜಿಸ್ಟರ್ ಇರುತ್ತದೆ. ಯಾರು, ಯಾವ ತಾರೀಕು, ತಂದೆ ತಾಯಿ ಯಾರು, ಸಾಕ್ಷಿ ನಿಂತವರು ಯಾರು, ಎಲ್ಲ. ಮದುವೆಯಾದರೆ ಅದನ್ನೂ ಅದರ ಪಕ್ಕದಲ್ಲೇ ಬರೆಯುತ್ತಾರೆ. ಈ ಪುಸ್ತಕಗಳು ಉಳಿದಿರುವುದೇ ಅಪ್ಪನಿಂದ. ಪ್ರತಿ ಮಳೆಗಾಲ ಮುಗಿದ ಮೇಲೆ ಅವನ್ನು ಹೊರಗೆ ತಂದು, ಅಂಟಿಕೊಂಡ ಹಾಳೆಗಳನ್ನು ಬಿಡಿಸಿ, ಬೂಷ್ಟು ಒರೆಸಿ, ಚರ್ಚಿನ ಜಗಲಿಯಲ್ಲಿ ಬಿಸಿಲಿಗೆ ಇಡುತ್ತಿದ್ದರು. ಫಾದರ್ ಪುಟ ತೆಗೆದು ತೋರಿಸಿದರು. ಅಪ್ಪನ ಹೆಸರು, ಅಜ್ಜ ಅಜ್ಜಿಯ ಹೆಸರು, ನಮ್ಮ ಊರಿನ ಹೆಸರು. ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಅಮ್ಮನ ಜೊತೆ ಮದುವೆಯಾದ ತಾರೀಕು. ಒಬ್ಬ ಮನುಷ್ಯ ಈ ಊರಿನವನು ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಸಾಕ್ಷಿ ಏನು ಬೇಕು? ಅದರ ಪ್ರತಿಗೆ ಸಹಿ ಹಾಕಿಸಿ, ಹಳೇ ರೇಷನ್ ಕಾರ್ಡ್, ಮತದಾರರ ಪಟ್ಟಿ, ತೋಟದ ಪಿಎಫ್ ಚೀಟಿ ಎಲ್ಲ ಸೇರಿಸಿ ಫೈಲು ಮಾಡಿದ್ದೇನೆ. ಈ ಕಚೇರಿಯಲ್ಲಿ ಇನ್ನೂ ಒಪ್ಪಿಲ್ಲ. ಆದರೆ ನಾನು ಬಿಡುವವಳಲ್ಲ. ಅಪ್ಪನ ಹೆಸರಿನ ಮುಂದೆ ಕೊಡಗು ಅಂತ ಬರೆಸಿಯೇ ತೀರುತ್ತೇನೆ. ಕೇರಳದ ಮೇಲೆ ನನಗೆ ಸಿಟ್ಟಿಲ್ಲ, ಅಪ್ಪನಿಗೂ ಇರಲಿಲ್ಲ. ಕಷ್ಟಕ್ಕೆ ಆದ ಊರು ಅದು. ಆದರೆ ಅವರು ಇಲ್ಲಿಯವರು. ಇಲ್ಲಿ ಹುಟ್ಟಿ, ಇಲ್ಲಿ ದುಡಿದು, ಇಲ್ಲಿಯವರ ಗುಂಡಿಯಲ್ಲಿ ನಿಂತು ನೀರು ಎತ್ತಿದವರು.

ನಿನ್ನ ಅಣ್ಣ ಬೆಂಗಳೂರಿನಲ್ಲಿ ಕಂದಾಯ ಇಲಾಖೆಯಲ್ಲಿ ಇದ್ದಾರಲ್ವಾ? ಅವರನ್ನು ನನ್ನ ಪರವಾಗಿ ಒಂದು ಮಾತು ಕೇಳು. ಹೊರರಾಜ್ಯದಲ್ಲಿ ತೀರಿಕೊಂಡವರು ಇಲ್ಲಿ ವಾಸವಿದ್ದರು ಅಂತ ಬರೆದುಕೊಡುವ ಅಧಿಕಾರ ಯಾರಿಗಿದೆ, ತಹಶೀಲ್ದಾರರಿಗಾ, ಅಸಿಸ್ಟೆಂಟ್ ಕಮಿಷನರ್‌ಗಾ? ಅರ್ಜಿ ಯಾವ ರೂಪದಲ್ಲಿ ಕೊಡಬೇಕು? ಆದಷ್ಟು ಬೇಗ ತಿಳಿಸು. ನಮ್ಮ ಮನೆಯ ಕೆಲಸಕ್ಕೆ ಮಾತ್ರ ಅಲ್ಲ. ಅಪ್ಪನ ಪುಸ್ತಕದಲ್ಲಿ ಇನ್ನೂ ಗೀಟು ಬೀಳದ ಹೆಸರುಗಳಿವೆ, ಅವರ ಮನೆಯವರು ಈಗ ನನಗೆ ಫೋನು ಮಾಡುತ್ತಿದ್ದಾರೆ.